ಕೇಂದ್ರ ಸರ್ಕಾರಿ ವೈದ್ಯರಿಗೆ ಕೈಗೆ ಎಷ್ಟು ಸಂಬಳ ಬರುತ್ತೆ? ಅದು ಖಜಾನೆಗೆ ಹೊರೆಯೇ?

ನಿಮ್ಮ ಪ್ರಶ್ನೆ ಎರಡು: ಯುಪಿಎಸ್‌ಸಿಯ ಕಂಬೈನ್ಡ್ ಮೆಡಿಕಲ್ ಸರ್ವಿಸಸ್ ಪರೀಕ್ಷೆ ಬರೆದು ಸೇರುವ ಎಂಬಿಬಿಎಸ್ ವೈದ್ಯರಿಗೆ ಎಷ್ಟು ಸಿಗುತ್ತೆ, ಇಷ್ಟು ಸಂಬಳ ಕೊಟ್ಟರೆ ಸರ್ಕಾರಿ ಆಸ್ಪತ್ರೆ ನಡೆಸುವುದು ದುಬಾರಿಯಾಗಲ್ವಾ ಅಂತ. ಮೊದಲು ಸ್ಯಾಲರಿ ಸ್ಲಿಪ್ ನೋಡೋಣ.

7ನೇ ವೇತನ ಆಯೋಗದ ಪ್ರಕಾರ ಆರಂಭ ಲೆವೆಲ್ 10 ಎಂಬ ವೇತನ ಶ್ರೇಣಿಯಲ್ಲಿ, ಮೂಲ ವೇತನ ತಿಂಗಳಿಗೆ 56,100 ರೂಪಾಯಿ. ಖಾಸಗಿ ಪ್ರಾಕ್ಟೀಸ್ ಮಾಡದಿರುವುದಕ್ಕೆ ಕೊಡುವ ಎನ್‌ಪಿಎ ಮೂಲ ವೇತನದ ಶೇ 20, ಅಂದರೆ 11,220. (ಹಿಂದೆ ಇದು ಶೇ 25 ಇತ್ತು. ದರ ಇಳಿಸಿದರೂ ಪ್ರಾಕ್ಟೀಸ್ ನಿಷೇಧ ಮಾತ್ರ ಸಡಿಲ ಆಗಲಿಲ್ಲ.) ಎರಡೂ ಸೇರಿದ 67,320ರ ಮೇಲೆ ತುಟ್ಟಿಭತ್ಯೆ (ಡಿಎ): 2025ರ ಜನವರಿಯ ಶೇ 55 ದರದಲ್ಲಿ 37,026. ಬೆಂಗಳೂರಿನಲ್ಲಿ ಮನೆ ಬಾಡಿಗೆ ಭತ್ಯೆ ಶೇ 30, ಅಂದರೆ 16,830. ಸಾರಿಗೆ ಭತ್ಯೆ 7,200, ಅದರ ಮೇಲಿನ ಡಿಎ ಸೇರಿ 11,160. ಒಟ್ಟು 1,32,336.

ಹೆಚ್ಚಿನವರು ಎಡವುವುದು ಇಲ್ಲೇ. ಎನ್‌ಪಿಎಯನ್ನು ಡಿಎ ಲೆಕ್ಕಕ್ಕೆ ಸೇರಿಸುತ್ತಾರೆ, ಬಾಡಿಗೆ ಭತ್ಯೆಗೆ ಸೇರಿಸುವುದಿಲ್ಲ. ಕ್ವಾರ್ಟರ್ಸ್ ಸಿಕ್ಕರೆ ಬಾಡಿಗೆ ಭತ್ಯೆಯೇ ಹೋಗುತ್ತೆ. ಮೈಸೂರು, ಹುಬ್ಬಳ್ಳಿಗೆ ವರ್ಗವಾದರೆ ಅದು ಶೇ 20ಕ್ಕೆ ಇಳಿಯುತ್ತೆ, ಸಾರಿಗೆ ಭತ್ಯೆ 3,600ರ ದರಕ್ಕೆ ಬರುತ್ತೆ.

ಕಡಿತಕ್ಕೆ ಬರೋಣ. ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಮೂಲ ವೇತನ, ಎನ್‌ಪಿಎ, ಡಿಎ ಸೇರಿದ ಮೊತ್ತದ ಶೇ 10, ಅಂದರೆ ಸುಮಾರು 10,435. ಕೇಂದ್ರ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ಗೆ 650, ವೃತ್ತಿ ತೆರಿಗೆ 200. ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ತಿಂಗಳಿಗೆ ಸುಮಾರು 9,300. ಗುಂಪು ವಿಮೆಯಂಥ ಚಿಲ್ಲರೆ ಕಡಿತ ಬಿಟ್ಟರೆ ಕೈಗೆ ಬರುವುದು 1.11 ಲಕ್ಷದ ಆಸುಪಾಸು. ಖಾಸಗಿಯವರ ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಜೊತೆ ಹೋಲಿಸುವಾಗ ಸರ್ಕಾರ ತನ್ನ ಕಡೆಯಿಂದ ಪಿಂಚಣಿಗೆ ಹಾಕುವ ಶೇ 14ನ್ನೂ ಸೇರಿಸಿ. ಅದು ಸುಮಾರು 14,600.

ಬಡ್ತಿಗೆ ಹುದ್ದೆ ಖಾಲಿಯಾಗಲಿ ಎಂದು ಕಾಯಬೇಕಿಲ್ಲ, ಡಿಎಸಿಪಿ ಎಂಬ ಕಾಲಬದ್ಧ ಬಡ್ತಿ ಇದೆ. ಜನರಲ್ ಡ್ಯೂಟಿ (ತಜ್ಞರಲ್ಲದ) ವೈದ್ಯರಿಗೆ 4 ವರ್ಷಕ್ಕೆ ಲೆವೆಲ್ 11, 9ಕ್ಕೆ 12, 13ಕ್ಕೆ 13, 20ಕ್ಕೆ 14. ದೊಡ್ಡ ಜಿಗಿತ 13ನೇ ವರ್ಷದ್ದು: ಆ ಲೆವೆಲ್‌ನ ಮೂಲ ವೇತನ ಶುರುವಾಗುವುದೇ 1,23,100ರಿಂದ. ಆದರೆ ಎಪಿಎಆರ್ ಎಂಬ ವಾರ್ಷಿಕ ಕಾರ್ಯನಿರ್ವಹಣಾ ವರದಿ ಬಾಕಿ ಇದ್ದರೆ ಬಡ್ತಿ ಸಮಿತಿಯಲ್ಲಿ ಕಡತ ಮುಂದೆ ಹೋಗಲ್ಲ. ಆದ್ದರಿಂದ ಪ್ರತಿ ವರ್ಷ ವರದಿ ಅಂತಿಮವಾಗಿದೆಯೇ ಎಂದು ನೀವೇ ನೋಡಿಕೊಳ್ಳಬೇಕು. ಮೂಲ ವೇತನ ಮತ್ತು ಎನ್‌ಪಿಎ ಸೇರಿ 2,37,500 ಮೀರುವಂತಿಲ್ಲ.

ಇನ್ನು ಹೊರೆಯ ಮಾತು. ಮೇಲೆ ಲೆಕ್ಕ ಹಾಕಿದ ಹೊಸ ವೈದ್ಯರಿಗೆ ಸರ್ಕಾರದ ತಿಂಗಳ ಖರ್ಚು ಪಿಂಚಣಿ ಪಾಲೂ ಸೇರಿ ಸುಮಾರು 1.47 ಲಕ್ಷ. ಒಪಿಡಿಯಲ್ಲಿ ದಿನಕ್ಕೆ 60 ರೋಗಿಗಳು, ತಿಂಗಳಿಗೆ 25 ದಿನ ಎಂದಿಟ್ಟುಕೊಳ್ಳಿ: ಒಬ್ಬ ರೋಗಿಗೆ ವೈದ್ಯರ ಪಾಲು 98 ರೂಪಾಯಿ. ಖಾಸಗಿ ಕ್ಲಿನಿಕ್‌ನ ಕನ್ಸಲ್ಟೇಶನ್ ಫೀಸಿನ ಪಕ್ಕ ಇಟ್ಟು ನೋಡಿ. ನನ್ನ ಪ್ರಕಾರ ದುಬಾರಿ ಬೀಳುವುದು ಸಂಬಳ ಅಲ್ಲ, ಖಾಲಿ ಹುದ್ದೆ. ಅರಿವಳಿಕೆ ತಜ್ಞರಿಲ್ಲದಿದ್ದರೆ ಸರ್ಜನ್ ಸಂಬಳ, ಆಪರೇಷನ್ ಥಿಯೇಟರ್, ನರ್ಸ್‌ಗಳು ಎಲ್ಲ ಇದ್ದೂ ಸಿಸೇರಿಯನ್‌ಗೆ ಬಂದವರನ್ನು ಬೇರೆಡೆ ಕಳಿಸಬೇಕು. ಆಗ ಆ ಖರ್ಚು ಬಜೆಟ್‌ನಲ್ಲಿ ಕಾಣಲ್ಲ, ಮನೆಯವರ ಜೇಬಿನಿಂದ ಹೋಗುತ್ತೆ. ಔಷಧ ದಾಸ್ತಾನು ಮುಗಿದರೂ ಅಷ್ಟೇ: ಚೀಟಿ ಬರೆದು ಹೊರಗಿನ ಮೆಡಿಕಲ್ ಶಾಪ್‌ಗೆ ಕಳಿಸುತ್ತಾರೆ.

2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಹೀಗೆ ಜನ ಜೇಬಿನಿಂದ ಕೊಟ್ಟದ್ದು ಶೇ 39.4. ಸರ್ಕಾರಗಳೆಲ್ಲ ಸೇರಿ ಖರ್ಚು ಮಾಡಿದ್ದು ಜಿಡಿಪಿಯ ಶೇ 1.84, 2017ರ ರಾಷ್ಟ್ರೀಯ ಆರೋಗ್ಯ ನೀತಿ ಹಾಕಿಕೊಂಡ ಗುರಿ ಶೇ 2.5.

ಒಂದು ಎಚ್ಚರಿಕೆ: ರಾಜ್ಯ ಸರ್ಕಾರದ ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ ವೈದ್ಯರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ವೇತನ ಶ್ರೇಣಿ, ಭತ್ಯೆ ಬೇರೆ. ಗುತ್ತಿಗೆ ವೈದ್ಯರಿಗಂತೂ ಡಿಎಸಿಪಿಯೂ ಇಲ್ಲ, ಎನ್‌ಪಿಎಯೂ ಇಲ್ಲ.