ಪುಡಿ ಮತ್ತು ಸಿಂಡೋಪಾ ಒಟ್ಟಿಗೆ ಬೇಡ

ಪಾರ್ಕಿನ್ಸನ್‌ಗೆ ಆಯುರ್ವೇದದ ಪುಡಿ ಶುರು ಮಾಡಿದ ಮೇಲೆ ಅಪ್ಪನಿಗೆ ವಾಕರಿಕೆ, ಮೈ ತಾನಾಗಿ ತಿರುಚುವುದು ಜಾಸ್ತಿ ಆಗಿದೆ ಅಂದಿರಲ್ವಾ, ಅದು ಬಹುಶಃ ಡಬಲ್ ಡೋಸ್. ಇಂಥ ಪುಡಿಗಳಲ್ಲಿ ಹೆಚ್ಚಾಗಿ ನಸುಗುನ್ನಿ ಬೀಜ ಇರುತ್ತದೆ, ಅಪ್ಪ ತಗೊಳ್ಳುವ ಪಾರ್ಕಿನ್ಸನ್ ಮಾತ್ರೆ ಸಿಂಡೋಪಾದಲ್ಲಿರುವ ಲೆವೊಡೋಪಾ ಅನ್ನೋ ಔಷಧವೇ ಅದರಲ್ಲೂ ಇದೆ. ನಮ್ಮ ಮಾವನಿಗೂ ಹೀಗೇ ಆಗಿತ್ತು. ಡಬ್ಬಿಯ ಲೇಬಲ್ ಫೋಟೊ ತೆಗೆದು ಇವತ್ತೇ ನ್ಯೂರಾಲಜಿಸ್ಟ್‌ಗೆ ತೋರಿಸಿ. ಸಿಂಡೋಪಾ ಮಾತ್ರ ನೀವಾಗಿ ನಿಲ್ಲಿಸಬೇಡಿ, ಅಪಾಯ.

ನೀವು ಕೇಳಿದ ಆ ಆಯುರ್ವೇದ ಎಣ್ಣೆ ಚಿಕಿತ್ಸೆಯ ಪ್ಯಾಕೇಜಿಗೆ ಸುಮ್ನೆ ಮುಂಗಡ ಕೊಡಬೇಡಿ. ಎಣ್ಣೆ ತಿಕ್ಕಿದರೆ ಬಿಗಿತಕ್ಕೆ ಹಾಯೆನಿಸಬಹುದು, ಕಾಯಿಲೆ ವಾಸಿಯಾಗುವುದಿಲ್ಲ. ಮಾಡಿಸಲೇಬೇಕಾದರೆ ಉಡುಪಿ ಹತ್ತಿರದ ಕುತ್ಪಾಡಿಯ ಆಯುರ್ವೇದ ಕಾಲೇಜು ಆಸ್ಪತ್ರೆಯಲ್ಲಿ ರೇಟು ಕೇಳಿ. ದುಡ್ಡು ಫಿಸಿಯೋಥೆರಪಿಗೆ ಇಡಿ. ನಡೆಯುವಾಗ ಕಾಲು ಅಂಟಿಕೊಂಡರೆ ಜಗಲಿ ನೆಲಕ್ಕೆ ಹೆಜ್ಜೆಗೊಂದು ಬಣ್ಣದ ಟೇಪ್ ಅಂಟಿಸಿ, ಗೆರೆ ದಾಟಲು ಹೇಳಿ. ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬಹುದಾ ಅಂತಲೂ ಡಾಕ್ಟರನ್ನು ಕೇಳಿ, ಮೀನು-ಬೇಳೆ ಜೊತೆ ಅದು ಸರಿಯಾಗಿ ಹಿಡಿಯುವುದಿಲ್ಲ.