ಹೊಸ ಗೇಮ್ ಕನ್ಸೋಲ್ ಬರುವವರೆಗೆ ಕಾಯಬೇಕೆ?

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್, ಗೂಡಿನಿಂದ ನೂಲು ಬಿಚ್ಚುವವನು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ವಿಡಿಯೊ ಗೇಮ್ ಕೊಡಿಸುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದೆ. ಅವನು ತೆಗೆದ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್, ಪ್ಲೇಸ್ಟೇಷನ್ 5 ಬೇಕಂತೆ. ನನ್ನ ಭಾಮೈದ, ‘ತಡಿ ಭಾವ, ಮುಂದಿನದು ಬರ್ಲಿ, ಆಗ ಇದರ ರೇಟು ಬಿದ್ದೇ ಬೀಳುತ್ತೆ’ ಅಂತಾನೆ. ಹೊಸದರ ಬೆಲೆ ಎಷ್ಟಿರಬಹುದು? ಕಾಯಲೋ, ಈಗಲೇ ಕೊಳ್ಳಲೋ?
— ಹೆಸರು ಬೇಡವೆಂದ ಓದುಗರು, ಶಿಡ್ಲಘಟ್ಟ

ಉತ್ತರ: ನಿಮ್ಮ ಭಾಮೈದ ಹೇಳಿದ್ದು ಹತ್ತು ವರ್ಷದ ಹಿಂದೆ ಆಗಿದ್ದರೆ ನಾನೂ ಹೌದೆನ್ನುತ್ತಿದ್ದೆ. 2000ರಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99 ಡಾಲರಿಗೆ ಇಳಿದಿತ್ತು. ಕಾದವನೇ ಜಾಣ ಎಂದು ನಾವೆಲ್ಲ ನಂಬಿದ್ದು ಆ ಕಾಲದಲ್ಲಿ.

ಪ್ಲೇಸ್ಟೇಷನ್ 5 ಆ ನಂಬಿಕೆಯನ್ನು ಮುರಿಯಿತು. 2020ರಲ್ಲಿ 499 ಡಾಲರ್ ಇದ್ದ ಡಿಸ್ಕ್ ಮಾದರಿ 2025ರ ಆಗಸ್ಟ್‌ನಲ್ಲಿ 549 ಆಯಿತು. ಅದರ ಪ್ರತಿಸ್ಪರ್ಧಿ, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅದೇ ವರ್ಷ ಅಕ್ಟೋಬರಿನಲ್ಲಿ 649ಕ್ಕೆ ಹೋಯಿತು, ಅದೂ 499ರಿಂದ ಶುರುವಾದದ್ದೇ. ನಮ್ಮಲ್ಲಿ 2021ರ ಫೆಬ್ರುವರಿಯಲ್ಲಿ ₹49,990ಕ್ಕೆ ಬಂದ ಪ್ಲೇಸ್ಟೇಷನ್ 5 2022ರ ನವೆಂಬರಿನಲ್ಲೇ ₹54,990. ಹಿಂದೆಲ್ಲ ಒಳಗಿನ ಚಿಪ್ ವರ್ಷ ಕಳೆದಂತೆ ಚಿಕ್ಕದಾಗುತ್ತಿತ್ತು, ಜೊತೆಗೆ ಅಗ್ಗವೂ ಆಗುತ್ತಿತ್ತು. ಈಗ ಚಿಕ್ಕದು ಮಾಡುವುದೇ ದುಬಾರಿ ಕೆಲಸ. ಮೇಲೆ 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪ್ಯೂಟರ್ ಕೇಂದ್ರಗಳು ಮೆಮೊರಿ ಚಿಪ್‌ಗಳಿಗೆ ಮುಗಿಬಿದ್ದಿವೆ. ಇದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗೂಡಿನ ಮಾರುಕಟ್ಟೆಗೆ ದೊಡ್ಡ ಆಟೊಮ್ಯಾಟಿಕ್ ರೀಲಿಂಗ್ ಯಂತ್ರದವರು ಬಂದು ಒಳ್ಳೊಳ್ಳೆ ಲಾಟೆಲ್ಲ ಎತ್ತಿಕೊಂಡ ದಿನ, ನೂಲು ಬಿಚ್ಚುವ ನಾಲ್ಕು ಬೇಸಿನ್ ಇಟ್ಟುಕೊಂಡವರಿಗೆ ಗೂಡು ಯಾವ ರೇಟಿಗೆ ಬೀಳುತ್ತದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಇನ್ನು ಹೊಸದರ ಬೆಲೆ. ಡಾಲರ್ ದರವನ್ನು ರೂಪಾಯಿಗೆ ಗುಣಿಸಿ ಸುಮ್ಮನಾಗಬೇಡಿ, ಆ ತಪ್ಪು ಮಾಡಿ ನಾನು ಪೆಟ್ಟು ತಿಂದಿದ್ದೇನೆ. ಪ್ಲೇಸ್ಟೇಷನ್ 4 ಬರುತ್ತದೆಂದಾಗ ಚಿಕ್ಕಬಳ್ಳಾಪುರದ ನಮ್ಮ ಮನೆಯ ಜಗುಲಿಯಲ್ಲಿ ಕೂತು 399ನ್ನು 62ರಿಂದ ಗುಣಿಸಿದೆ. ಸುಮಾರು ₹24,700 ಬಂತು. ಅಷ್ಟನ್ನು ಹೊಂದಿಸಿಯೂ ಇಟ್ಟೆ. 2014ರ ಜನವರಿಯಲ್ಲಿ ಇಲ್ಲಿ ಬಿಡುಗಡೆಯಾದಾಗ ಬೆಲೆ ₹39,990! ಮಿಕ್ಕ ಹದಿನೈದು ಸಾವಿರ ಕೂಡಿಸಲು ನನಗೆ ಮತ್ತೆ ಎಂಟು ತಿಂಗಳು ಹಿಡಿಯಿತು. ಅಮೆರಿಕದವರು ಹೇಳುವ ದರದಲ್ಲಿ ಅಲ್ಲಿನ ರಾಜ್ಯಗಳ ಮಾರಾಟ ತೆರಿಗೆ ಸೇರಿರುವುದಿಲ್ಲ. ನಮ್ಮ ಎಂಆರ್‌ಪಿಯಲ್ಲಿ ಆಮದು ಸುಂಕ, ಜಿಎಸ್‌ಟಿ, ಸಾಗಣೆ, ಅಂಗಡಿಯವರ ಲಾಭ ಎಲ್ಲ ಸೇರಿರುತ್ತದೆ. ಕನ್ಸೋಲ್ ಮೇಲಿನ ಜಿಎಸ್‌ಟಿ 2019ರಲ್ಲಿ ಶೇ 28ರಿಂದ 18ಕ್ಕೆ ಇಳಿದದ್ದು ಒಂದು ಸಮಾಧಾನ.

ಪ್ಲೇಸ್ಟೇಷನ್ 5ರ ಲೆಕ್ಕವನ್ನೇ ಹಿಡಿಯೋಣ. 499 ಡಾಲರ್, ಆಗಿನ ₹73ರಂತೆ ಸುಮಾರು ₹36,400. ಇಲ್ಲಿ ಬಂದದ್ದು ₹49,990, ಅಂದರೆ ನೂರಕ್ಕೆ ನೂರ ಮೂವತ್ತೇಳು. ಮುಂದಿನದು 599 ಡಾಲರಿಗೆ ಬಂತು, ಡಾಲರಿಗೆ ₹90 ಇತ್ತು ಅಂದುಕೊಳ್ಳಿ. ₹54,000 ಆಯಿತು. ಅದೇ ಪ್ರಮಾಣದಲ್ಲಿ ಏರಿಸಿದರೆ ಹತ್ತಿರಹತ್ತಿರ ₹74,000. ಇದು ನನ್ನ ಅಂದಾಜು, ಕಂಪನಿಯ ಮಾತಲ್ಲ. ಆದರೆ ಐವತ್ತು ಸಾವಿರ ಕೈಯಲ್ಲಿಟ್ಟುಕೊಂಡು ಕಾಯುವವರಿಗೆ ನಿರಾಸೆಯಾಗುತ್ತದೆ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಜೊತೆಗೆ, ಬಂದ ದಿನವೇ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಪ್ಲೇಸ್ಟೇಷನ್ 5 ಹೊರದೇಶಗಳಲ್ಲಿ 2020ರ ನವೆಂಬರಿನಲ್ಲಿ ಬಂದರೆ ನಮಗೆ ಬಂದದ್ದು ಮರುವರ್ಷ ಫೆಬ್ರುವರಿ 2ಕ್ಕೆ. ಮುಂಗಡ ಬುಕಿಂಗ್ ನಿಮಿಷಗಳಲ್ಲಿ ಮುಗಿದುಹೋಗಿತ್ತು.

ಆದ್ದರಿಂದ ಈಗಲೇ ಕೊಳ್ಳಿ. ಡಿಸ್ಕ್ ಹಾಕುವ ಮಾದರಿಯನ್ನೇ ಕೊಳ್ಳಿ. 2024ರ ಏಪ್ರಿಲ್‌ನಲ್ಲಿ ಇದರ ತೆಳು ರೂಪ ‘ಸ್ಲಿಮ್’ ಬಂದಾಗ ಡಿಸ್ಕ್ ಹಾಕುವುದಕ್ಕೆ ₹54,990, ಡಿಸ್ಕ್ ಇಲ್ಲದ್ದಕ್ಕೆ ₹44,990 ಇತ್ತು. ಹತ್ತು ಸಾವಿರ ಉಳಿಯಿತೆಂದು ಅನ್ನಿಸುವುದು ಸಹಜ. ಆದರೆ ದೊಡ್ಡ ಹೊಸ ಆಟ ಒಂದಕ್ಕೇ ₹4,999 ಇರುತ್ತದೆ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಕೊಟ್ಟು ಅವನದನ್ನು ತಂದು ಆಡಬಹುದು. ನಾನು ಮತ್ತು ನನ್ನ ಇಬ್ಬರು ಗೆಳೆಯರು ವರ್ಷಕ್ಕೆ ಮೂರು ಡಿಸ್ಕ್ ಕೊಳ್ಳುತ್ತೇವೆ, ಒಬ್ಬೊಬ್ಬರು ಒಂದೊಂದು, ಮೂವರೂ ಮೂರನ್ನೂ ಆಡುತ್ತೇವೆ. ಡೌನ್‌ಲೋಡ್ ಮಾಡಿಕೊಂಡ ಆಟವನ್ನು ಹೀಗೆ ಮಾರಲಾಗದು. ನಾಲ್ಕೈದು ಆಟಗಳಲ್ಲಿ ಆ ಹತ್ತು ಸಾವಿರ ವಾಪಸು ಬಂದಿರುತ್ತದೆ. ಮಗನ ಸ್ನೇಹಿತರಲ್ಲಿ ಯಾರ ಹತ್ತಿರ ಇದೇ ಕನ್ಸೋಲ್ ಇದೆ ಎಂದು ಮೊದಲೇ ಕೇಳಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಆಸೆಗೆ ಬೀಳಬೇಡಿ. ಆರು ಸಾವಿರ ಉಳಿಯುತ್ತದೆಂದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಹೊರದೇಶದಿಂದ ತಂದ ಕನ್ಸೋಲನ್ನು ಬಿಲ್ ಇಲ್ಲದೆ ಕೊಂಡಿದ್ದೆ. ಐದನೇ ತಿಂಗಳು ಆನ್ ಆಗಲಿಲ್ಲ. ಭಾರತದ ವಾರಂಟಿ ಇರಲಿಲ್ಲ, ಅಂಗಡಿಯವರು ಫೋನ್ ಎತ್ತಲಿಲ್ಲ. ಅದು ಈಗಲೂ ನಮ್ಮ ಅಟ್ಟದ ಮೇಲಿದೆ, ಎಸೆಯಲು ಮನಸ್ಸು ಬಂದಿಲ್ಲ. ಜಿಎಸ್‌ಟಿ ಬಿಲ್ ಕೇಳಿ, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ.

ಹಿಂದಿನ ಹಬ್ಬದ ಮಾರಾಟಗಳಲ್ಲಿ ಐದು ಸಾವಿರ ಬಿಟ್ಟದ್ದುಂಟು. ಹಬ್ಬ ಹತ್ತಿರವಿದ್ದರೆ ಅಷ್ಟು ದಿನ ತಡೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಮಗ ಈಗ ಮೊದಲ ಪಿಯುಸಿ. ಮುಂದಿನ ವರ್ಷ ಅವನಿಗೆ ಕೂತು ಆಡಲು ಇಷ್ಟು ಹೊತ್ತು ಸಿಗುವುದಿಲ್ಲ. ಅಂಗಡಿಗೆ ಅವನನ್ನೂ ಕರೆದುಕೊಂಡು ಹೋಗಿ, ಮೊದಲ ಡಿಸ್ಕ್ ಅವನೇ ಆರಿಸಲಿ.