ಸಕಲೇಶಪುರದ ತೋಟದ ಪಂಪ್ ಪ್ಯಾನೆಲ್‌ನಲ್ಲಿ ರಿಲೇ ಪದೇ ಪದೇ ಹೋಗುತ್ತಿದೆ, ಎಷ್ಟು ವೋಲ್ಟಿನ ಎಂಓವಿ (ವೋಲ್ಟೇಜ್ ವಿಪರೀತ ಏರಿದರೆ ತಡೆಯುವ ಬಿಡಿಭಾಗ) ಹಾಕಲಿ?

ನಾನು ಚಿಕ್ಕಮಗಳೂರಿನಲ್ಲಿ ಪ್ಯಾನೆಲ್ ಕಟ್ಟುವವನು. ನಿಮ್ಮ 24 ವೋಲ್ಟ್ ಡಿಸಿ ರಿಲೇ 230 ವೋಲ್ಟ್ ಕಾಂಟ್ಯಾಕ್ಟರನ್ನು (ಪಂಪ್ ಆನ್-ಆಫ್ ಮಾಡುವ ದೊಡ್ಡ ಸ್ವಿಚ್ಚು) ಎಳೆಯುತ್ತದೆ, ಎರಡು ವರ್ಷದಲ್ಲಿ ಮೂರು ರಿಲೇ ಹೋಗಿವೆ, ಸಿಡಿಲಿಂದಲೇ ಇರಬೇಕು ಅಂತ ಬರೆದಿದ್ದೀರಿ. ಸಿಡಿಲೇ ಅಂತ ಅಷ್ಟು ಬೇಗ ಹೇಳೋಕಾಗಲ್ಲ.

ಹೋದ ರಿಲೇ ಎಸೆದಿಲ್ಲ ತಾನೇ? ಮುಚ್ಚಳ ತೆಗೆದು ನೋಡಿ. ಪಾಯಿಂಟ್, ಅಂದರೆ ಕೂಡಿ ಬಿಡುವ ಲೋಹದ ತುದಿ, ಕಪ್ಪಾಗಿ ಗುಳಿ ಬಿದ್ದಿದ್ದರೆ, ಅಥವಾ ಎರಡೂ ಅಂಟಿಕೊಂಡಿದ್ದರೆ, ಮೊದಲ ಅನುಮಾನ ನಿಮ್ಮದೇ ಕಾಂಟ್ಯಾಕ್ಟರ್ ಕಾಯಿಲ್ ಮೇಲೆ. ಕಾಯಿಲ್‌ನ ಕರೆಂಟ್ ತಟ್ಟನೆ ಕಟ್ಟಾದಾಗ ಅದು ಸಾವಿರ ವೋಲ್ಟ್ ದಾಟಿ ಒದೆಯುತ್ತದೆ. ಪ್ರತಿ ಸಲ ಪಂಪ್ ಆಫ್ ಆದಾಗಲೂ ಆ ಒದೆತ ತಿನ್ನುವುದು ರಿಲೇ ಪಾಯಿಂಟು. ಪಾಯಿಂಟ್ ಚೆನ್ನಾಗಿದ್ದು ರಿಲೇ ಕಾಯಿಲ್ ಓಪನ್ ಆಗಿದ್ದರೆ, ಹೊರಗಿಂದ ಬಂದದ್ದು ಅನ್ನಿ.

ಒದೆತಕ್ಕೆ ಮದ್ದು ಸುಲಭ. ಕಾಂಟ್ಯಾಕ್ಟರ್ ಕಾಯಿಲ್‌ನ ಎರಡು ತುದಿಗಳಾದ ಎ1, ಎ2 ಮೇಲೆ ಒದೆತ ಹೀರುವ ಆರ್‌ಸಿ ಸ್ನಬ್ಬರ್ ಹಾಕಿ: 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ ಲೈನಿಗೆ ಹಾಕುವ ದರ್ಜೆಯ) ಕೆಪಾಸಿಟರ್, ಜೊತೆಗೆ ಸೀರೀಸಲ್ಲಿ 100 ಓಮ್. ಕೆಲವರು ಇದನ್ನು ರಿಲೇ ಪಾಯಿಂಟಿನ ಮೇಲೆ ಹಾಕ್ತಾರೆ. ಆಗ ರಿಲೇ ಬಿಟ್ಟರೂ ಸುಮಾರು 7 ಮಿಲಿಆಂಪ್ ಹರಿಯುತ್ತಲೇ ಇರುತ್ತದೆ, ಸಣ್ಣ ಕಾಯಿಲ್ ಆದರೆ ಹಿಡಿದುಕೊಂಡೇ ಇರಬಹುದು. ರಿಲೇಯ 24 ವೋಲ್ಟ್ ಕಾಯಿಲ್‌ಗೆ 1ಎನ್4007 ಡಯೋಡ್ ಸಾಕು, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ. ಆದರೆ ಬರೀ ಡಯೋಡ್ ಇದ್ದರೆ ರಿಲೇ ನಿಧಾನವಾಗಿ ಬಿಡುತ್ತದೆ, ಪಾಯಿಂಟಲ್ಲಿ ಕಿಡಿ ಜಾಸ್ತಿ. ಬೇಗ ಬಿಡಬೇಕು ಅಂದರೆ ಡಯೋಡಿಗೆ ಸೀರೀಸಲ್ಲಿ ಒಂದು 24 ವೋಲ್ಟ್ ಜೀನರನ್ನು (ಗೊತ್ತಾದ ವೋಲ್ಟಿನಲ್ಲಿ ಹಿಮ್ಮುಖವಾಗಿ ಹರಿಯಬಿಡುವ ಡಯೋಡ್) ತಿರುಗಿಸಿ ಕೂಡಿಸಿ. ಎಸಿ ಕಾಯಿಲ್ ಮೇಲೆ ಮಾತ್ರ ಡಯೋಡ್ ಬೇಡವೇ ಬೇಡ.

ಈಗ ನೀವು ಕೇಳಿದ ಎಂಓವಿ. ಅಂಗಡಿಯಲ್ಲಿ 230ಕ್ಕೆ ಅಂದರೆ 275 ವೋಲ್ಟಿನದು ಕೊಡ್ತಾರೆ. ನಾನೂ ಮೂಡಿಗೆರೆ ಕಡೆ ಒಂದು ತೋಟಕ್ಕೆ ಅದನ್ನೇ ಹಾಕಿ ಬಂದಿದ್ದೆ. ಸಿಡಿಲೂ ಇಲ್ಲ, ಮಳೆಯೂ ಇಲ್ಲ, ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆಲ್ಲ ಮಸಿ, ಎಂಓವಿ ಎರಡು ಹೋಳು. ರಾತ್ರಿ ಮೀಟರ್ ಹಿಡಿದು ನೋಡಿದಾಗ ತಿಳಿಯಿತು, ಲೋಡ್ ಇಳಿದ ಮೇಲೆ ಲೈನು 280 ದಾಟುತ್ತಿತ್ತು. ಕಾದು ಕಾದು ಸತ್ತಿದೆ. ಅವತ್ತಿಂದ ತೋಟದ ಲೈನಿಗೆ 320 ವೋಲ್ಟಿನದೇ ಹಾಕುತ್ತೇನೆ, ಅಂದರೆ 20ಡಿ511ಕೆ. 20 ಅಂದರೆ ತಟ್ಟೆಯ ಅಗಲ, ಮಿಲಿಮೀಟರಿನಲ್ಲಿ. ಸರ್ಜನ್ನು (ವೋಲ್ಟೇಜಿನ ದಿಢೀರ್ ಏರಿಕೆ) ಸ್ವಲ್ಪ ಹೆಚ್ಚಿನ ವೋಲ್ಟಿನಲ್ಲಿ ತಡೆಯುತ್ತದೆ ನಿಜ, ಆದರೆ ತಾನು ಉಳಿಯುತ್ತದೆ. ಅದರ ಮುಂದೆ ಫ್ಯೂಸ್ ಇರಲಿ, ಎಂಓವಿ ಸಾಯುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಸಾಯುತ್ತದೆ. ಕಾಲುಗಳನ್ನು ಆದಷ್ಟು ಗಿಡ್ಡ ಇಡಿ. ಉದ್ದ ವೈರ್ ಎಳೆದು ಮೂಲೆಯಲ್ಲಿ ಕೂರಿಸಿದರೆ ವೈರಿನ ಮೇಲೇ ನೂರಾರು ವೋಲ್ಟ್ ಏರಿ ಎಂಓವಿ ಇದ್ದೂ ಇಲ್ಲದಂತೆ.

ಇನ್ನು ಹೂ ಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಹೊತ್ತಿನ ಸಿಡಿಲು. ಕೆರೆ ಕೆಳಗೆ, ಟ್ಯಾಂಕ್ ಗುಡ್ಡದ ಮೇಲೆ, ಮಧ್ಯೆ ಸಿಲ್ವರ್ ಮರಗಳಿಗೆ ಕಟ್ಟಿಕೊಂಡು ಹೋದ ಫ್ಲೋಟ್ ಸ್ವಿಚ್ (ಟ್ಯಾಂಕಿನ ನೀರಿನ ಮಟ್ಟ ನೋಡುವ ಸ್ವಿಚ್ಚು) ವೈರ್, ಇದು ನಿಮ್ಮಲ್ಲೂ ಇದೆ ಅಲ್ವಾ? ನನ್ನ ಅನುಭವದಲ್ಲಿ ಸರ್ಜ್ ಒಳಗೆ ಬರುವುದು ಮೇನ್ ಲೈನಿಗಿಂತ ಜಾಸ್ತಿ ಆ ವೈರಿಂದ. ಅದು ಪ್ಯಾನೆಲ್ಲಿಗೆ ಸೇರುವ ಕಡೆ, ಪ್ರತಿ ವೈರಿಂದ ಅರ್ಥಿಗೆ ಒಂದೊಂದು ಪಿ6ಕೆಇ36ಸಿಎ ಟಿವಿಎಸ್ (ಸರ್ಜ್ ತಡೆಯುವ ಡಯೋಡ್) ಹಾಕಿ. ಆದರೆ ಅರ್ಥ್ ಪಿಟ್ ಒಣಗಿದ್ದರೆ ಈ ಟಿವಿಎಸ್ ಸರಿಯಾಗಿ ಕೆಲಸ ಮಾಡಲ್ಲ.

ವೈರ್ ಎಷ್ಟು ಮೀಟರ್ ಇದೆ, ರಾತ್ರಿ ಹತ್ತರ ಮೇಲೆ ವೋಲ್ಟೇಜ್ ಎಷ್ಟು ಬರುತ್ತದೆ, ಅಷ್ಟು ನೋಡಿ ಬರೆಯಿರಿ. ಮುಚ್ಚಳ ತೆಗೆದ ರಿಲೇಯ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.